ಡೊಮೇನ್ ಹೆಸರು ಮಾಡಿಸಿಕೊಡುವ ಚಿಕ್ಕಮಗಳೂರಿನ ಅಂಗಡಿ: ಒಬ್ಬ ಗ್ರಾಹಕನ ಅಭಿಪ್ರಾಯ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿರುವ ಈ ಕಂಪ್ಯೂಟರ್ ಅಂಗಡಿಯಲ್ಲಿ ಜೆರಾಕ್ಸ್, ಪ್ರಿಂಟರ್ ರಿಪೇರಿ, ಆನ್‌ಲೈನ್ ಅರ್ಜಿಗಳ ಜೊತೆಗೆ ವೆಬ್‌ಸೈಟಿನ ವಿಳಾಸವಾಗುವ ಡೊಮೇನ್ ಹೆಸರನ್ನು ನೋಂದಾಯಿಸಿಕೊಡುವ ಕೆಲಸವೂ ನಡೆಯುತ್ತದೆ. ನಮ್ಮ ಹೋಂಸ್ಟೇಗೂ ಕಾಫಿ ಪುಡಿಯ ಮಾರಾಟಕ್ಕೂ ಸೇರಿಸಿ ಒಂದು ಹೆಸರನ್ನು ಕಳೆದ ವರ್ಷ ಇಲ್ಲಿ ಮಾಡಿಸಿದ್ದೆವು. ಈಗ ಅದರ ನವೀಕರಣವೂ ಮುಗಿದಿರುವುದರಿಂದ, ಈ ವ್ಯವಹಾರಕ್ಕೆ ಹೊಸದಾಗಿ ಕೈಹಾಕುವವರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಬರೆಯುತ್ತಿದ್ದೇನೆ.

ಮೆಚ್ಚಬೇಕಾದ ಮೊದಲ ಸಂಗತಿಯೆಂದರೆ, ಇಲ್ಲಿನ ಮಾಲೀಕರು ದುಡ್ಡಿನ ಮಾತಿಗೆ ಮುಂಚೆ ವಿಷಯ ತಿಳಿಸಿಕೊಡುತ್ತಾರೆ. ಅವರು ನಮಗೆ ಮೊದಲು ತೆರೆದು ತೋರಿಸಿದ್ದು ಜಿಲ್ಲಾಡಳಿತದ ವೆಬ್‌ಸೈಟಿನ ವಿಳಾಸವನ್ನು: ಚಿಕ್ಕಮಗಳೂರು ಡಾಟ್ ಎನ್‌ಐಸಿ ಡಾಟ್ ಇನ್. ಎಡಭಾಗವನ್ನು ರಸೀದಿ ಪುಸ್ತಕದಿಂದ ಮುಚ್ಚಿ, 'ಇದನ್ನ ಬಲಗಡೆಯಿಂದ ಓದ್ಬೇಕು ಸಾರ್' ಎಂದು ಪುಸ್ತಕವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹೋದರು. ಕೊನೆಯ 'ಇನ್' ಭಾರತಕ್ಕೆ ಮೀಸಲಾದದ್ದು, ಅದರ ಎಡಕ್ಕಿರುವುದು ರಾಷ್ಟ್ರೀಯ ಮಾಹಿತಿ ಕೇಂದ್ರದ್ದು, ಅದಕ್ಕೂ ಎಡಕ್ಕಿರುವುದು ನಮ್ಮ ಜಿಲ್ಲೆಯದ್ದು. ಹಾಸನ ಜಿಲ್ಲೆಯ ವಿಳಾಸದಲ್ಲಿ ಬದಲಾಗುವುದು ಎಡತುದಿಯ ಊರಿನ ಹೆಸರು ಮಾತ್ರ. ಹೀಗೆ ಓದಲು ಕಲಿತರೆ, ಎಡಗಡೆ ಸರ್ಕಾರದ ಹೆಸರನ್ನೋ ಬ್ಯಾಂಕಿನ ಹೆಸರನ್ನೋ ಇಟ್ಟುಕೊಂಡು ಬಲಗಡೆ ಇನ್ನೇನೋ ಆಗಿರುವ ಮೋಸದ ಲಿಂಕುಗಳು ಕಣ್ಣಿಗೆ ಬೀಳುತ್ತವೆ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದ್ದೂ ಇಂಥ ಮೋಸಗಳನ್ನು ತಡೆಯುವುದಕ್ಕಾಗಿಯೇ.

ಹೆಸರು ಕೆಲಸ ಮಾಡುವ ಬಗೆಯನ್ನೂ ಅವರು ಬಿಡಿಸಿ ಹೇಳಿದರು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಹೆಸರಿರುವುದು ನಮ್ಮ ಅನುಕೂಲಕ್ಕೆ. 1980ರ ದಶಕದ ಆರಂಭದವರೆಗೂ ಎಲ್ಲ ಹೆಸರುಗಳನ್ನೂ ಅಮೆರಿಕದ ಒಂದೇ ಸಂಸ್ಥೆ ಒಂದು ಪಟ್ಟಿಯಲ್ಲಿ ಇಟ್ಟುಕೊಂಡಿತ್ತು. ಪಟ್ಟಿ ಬೆಳೆದು ನಿಭಾಯಿಸಲಾಗದಂತಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಈ ಭಾರವನ್ನು ಹಲವು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವುದು ಅದೇ. ನಾವು ಟೈಪ್ ಮಾಡಿದ ವಿಳಾಸದ ವಿಚಾರಣೆ ಮೂಲ ಸರ್ವರ್‌ನಿಂದ ಶುರುವಾಗಿ ಕೊನೆಯ 'ಇನ್' ಅಥವಾ 'ಕಾಮ್' ವಿಭಾಗದ ಸರ್ವರ್‌ಗೆ, ಅಲ್ಲಿಂದ ನಮ್ಮ ಹೆಸರಿನ ವಿವರವಿರುವ ಸರ್ವರ್‌ಗೆ ಹೋಗುತ್ತದೆ. ಸಿಕ್ಕ ಉತ್ತರವನ್ನು ಇಂಟರ್ನೆಟ್ ಕಂಪನಿಗಳ ಸರ್ವರ್‌ಗಳು ಸ್ವಲ್ಪ ಕಾಲ ತಮ್ಮಲ್ಲೇ ಉಳಿಸಿಕೊಳ್ಳುತ್ತವೆ. ಹೋಸ್ಟಿಂಗ್, ಅಂದರೆ ವೆಬ್‌ಸೈಟಿನ ಪುಟಗಳನ್ನು ಇಟ್ಟುಕೊಳ್ಳುವ ಸರ್ವರ್ ಸೇವೆ, ಬದಲಾಯಿಸಿದ ದಿನ ನಮ್ಮ ವೆಬ್‌ಸೈಟು ಮೊಬೈಲಿನಲ್ಲಿ ತೆರೆದುಕೊಂಡರೂ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಮರುದಿನದವರೆಗೆ ಹಳೆಯ ಪುಟವನ್ನೇ ತೋರಿಸಿದ್ದಕ್ಕೆ ಇದೇ ಕಾರಣ. ಹೀಗಾಗುತ್ತದೆಂದು ಅವರು ಮೊದಲೇ ಎಚ್ಚರಿಸಿದ್ದರಿಂದ ಗಾಬರಿಯಾಗಲಿಲ್ಲ.

ಈ ಅಂಗಡಿಗೆ ನಾನು ಹೆಚ್ಚು ಅಂಕ ಕೊಡುವುದು ಮಾತ್ರ ಬೇರೊಂದು ಕಾರಣಕ್ಕೆ. ನೋಂದಾಯಿತ ಕ್ರಯಪತ್ರ ಯಾರ ಹೆಸರಿಗಿದೆಯೋ ಜಮೀನು ಅವರದಾಗುವಂತೆ, ಡೊಮೇನ್ ಕೂಡ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರ ವಶದಲ್ಲಿರುತ್ತದೆ. ಹಣ ಕೊಟ್ಟವರು ಯಾರೆಂಬುದು ಅಲ್ಲಿ ನಡೆಯುವುದಿಲ್ಲ. ನಮ್ಮ ಭಾವನವರ ಹೋಂಸ್ಟೇಗೆ ವೆಬ್‌ಸೈಟು ಮಾಡಿಕೊಟ್ಟ ಬೇರೆ ಊರಿನ ಸಂಸ್ಥೆಯೊಂದು ಡೊಮೇನನ್ನು ತನ್ನ ಹೆಸರಿಗೇ ಬರೆಸಿಕೊಂಡು, ನವೀಕರಣದ ಹೊತ್ತಿಗೆ ಫೋನ್ ಎತ್ತುವುದನ್ನೇ ನಿಲ್ಲಿಸಿತು. ವಿಸಿಟಿಂಗ್ ಕಾರ್ಡು, ಫಲಕ, ಕಾಫಿ ಪುಡಿಯ ಪೊಟ್ಟಣ ಎಲ್ಲವನ್ನೂ ಅವರು ಮತ್ತೆ ಅಚ್ಚು ಹಾಕಿಸಬೇಕಾಯಿತು. ಈ ಅಂಗಡಿಯವರಾದರೋ ಖಾತೆಯನ್ನು ನಮ್ಮ ಇಮೇಲಿನಲ್ಲೇ ತೆರೆದರು, ಓಟಿಪಿ ನಮ್ಮ ಫೋನಿಗೇ ಬಂತು, ಪಾಸ್‌ವರ್ಡ್ ಹಾಕುವಾಗ ಕೀಬೋರ್ಡನ್ನು ನಮ್ಮ ಕಡೆ ತಳ್ಳಿ ಮುಖ ತಿರುಗಿಸಿ ಕುಳಿತರು. ಡಾಟ್ ಕಾಮ್‌ನಂಥ ಹೆಸರುಗಳಿಗೆ ಬರುವ ದೃಢೀಕರಣದ ಇಮೇಲಿಗೆ 15 ದಿನಗಳೊಳಗೆ ಸ್ಪಂದಿಸದಿದ್ದರೆ ಹೆಸರು ಸ್ಥಗಿತಗೊಳ್ಳಬಹುದಾದ್ದರಿಂದ, ಅದನ್ನೂ ಅಲ್ಲೇ ಮುಗಿಸಿ ಕಳಿಸಿದರು.

ಹೆಸರಿನ ಆಯ್ಕೆಯಲ್ಲಿ ನಮ್ಮೂರಿನವರಿಗೊಂದು ವಿಶೇಷ ತೊಡಕಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಊರಿನ ಹೆಸರು 'ಚಿಕ್ಕಮಗಳೂರು' ಎಂದೇ ಆಗಿದ್ದರೂ, ಹೊರಗಿನ ಪ್ರವಾಸಿಗರಲ್ಲಿ ಬಹಳ ಮಂದಿ ಇಂದಿಗೂ 'ಚಿಕ್‌ಮಗಳೂರ್' ಎಂಬ ಹಳೆಯ ಕಾಗುಣಿತವನ್ನೇ ಟೈಪ್ ಮಾಡುತ್ತಾರೆ. ಊರಿನ ಹೆಸರು ಬೇಕೇ ಬೇಕೆಂದರೆ ಎರಡನ್ನೂ ಕೊಂಡುಕೊಳ್ಳಿ, ಇಲ್ಲವಾದರೆ ತೋಟದ ಹೆಸರೊಂದೇ ಸಾಕು ಎಂಬುದು ಅಂಗಡಿಯವರ ಸಲಹೆ; ನಾವು ಎರಡನೆಯದನ್ನು ಒಪ್ಪಿಕೊಂಡೆವು. ಒಂದು ಹೆಸರಿನಲ್ಲಿ 63 ಅಕ್ಷರಗಳವರೆಗೆ ಅವಕಾಶವಿದ್ದರೂ, ಫೋನಿನಲ್ಲಿ ಒಂದೇ ಉಸಿರಿಗೆ ಹೇಳಲಾಗದ ಹೆಸರು ವ್ಯಾಪಾರಕ್ಕೆ ಒದಗುವುದಿಲ್ಲ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಮುಗಿಯುವ ವಿಳಾಸದ ಬಗ್ಗೆ ಕೇಳಿದಾಗ ಮಾತ್ರ 'ಯಾರೂ ಟೈಪ್ ಮಾಡಲ್ಲ ಸಾರ್' ಎಂದು ತಳ್ಳಿಹಾಕಿಬಿಟ್ಟರು. ಇದು ನನಗೆ ಸರಿ ಕಾಣಲಿಲ್ಲ. ಕನ್ನಡದ ವಿಳಾಸವನ್ನು ಎಲ್ಲ ಇಮೇಲ್ ಸೇವೆಗಳೂ ಸ್ವೀಕರಿಸುವುದಿಲ್ಲ ಎಂಬುದು ನಿಜ; ಆದರೆ ಅದನ್ನು ಇಂಗ್ಲಿಷ್ ವಿಳಾಸದ ಜೊತೆಗೆ ಇಟ್ಟುಕೊಳ್ಳಬಹುದೆಂಬ ಮಾತನ್ನಾದರೂ ಗ್ರಾಹಕರಿಗೆ ಹೇಳಬೇಕಿತ್ತು.

ದೂರಬೇಕಾದ ಇನ್ನೆರಡು ವಿಷಯಗಳಿವೆ. ಗೋಡೆಗೆ ಅಂಟಿಸಿರುವ ದರಪಟ್ಟಿಯಲ್ಲಿ ಮೊದಲ ವರ್ಷದ ರಿಯಾಯಿತಿ ಬೆಲೆಯಷ್ಟೇ ಇದ್ದು, ಅದಕ್ಕಿಂತ ಹೆಚ್ಚಾಗುವ ನವೀಕರಣದ ದರವನ್ನು ಕೇಳಿದವರಿಗೆ ಮಾತ್ರ ಹೇಳುತ್ತಾರೆ. ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ, ಡಾಟ್ ಕಾಮ್ ಆದರೆ ಹೆಚ್ಚೆಂದರೆ 10 ವರ್ಷಕ್ಕೆ ಪಡೆಯಬಹುದು. ಹಾಗಿರುವಾಗ ಗ್ರಾಹಕರು ಮೊದಲು ನೋಡಬೇಕಾದದ್ದೇ ನವೀಕರಣದ ದರ. ಎರಡನೆಯದಾಗಿ, ಡೊಮೇನಿಗೂ ಹೋಸ್ಟಿಂಗಿಗೂ ಸೇರಿಸಿ ಒಂದೇ ಬಿಲ್ ಕೊಡುತ್ತಾರೆ. ಮುಂದೆ ಹೋಸ್ಟಿಂಗನ್ನು ಬೇರೆಯವರಿಗೆ ವಹಿಸಬೇಕೆನಿಸಿದಾಗ ಯಾವುದಕ್ಕೆ ಎಷ್ಟು ಕೊಟ್ಟಿದ್ದೇವೆಂದು ತಿಳಿಯುವುದೇ ಇಲ್ಲ.

ನವೀಕರಣದ ದಿನವನ್ನು ಅಂಗಡಿಯವರು ಫೋನ್ ಮಾಡಿ ನೆನಪಿಸುವುದಿಲ್ಲ, ನೋಂದಣಿ ಕಂಪನಿಯ ಇಮೇಲನ್ನು ನಾವೇ ಗಮನಿಸುತ್ತಿರಬೇಕು. ಡಾಟ್ ಕಾಮ್ ಹೆಸರಿನ ಅವಧಿ ಮೀರಿದ ಮೇಲೆ ಕಂಪನಿಗೆ ತಕ್ಕಂತೆ ನವೀಕರಿಸಲು ಕೆಲವು ದಿನಗಳ ಹೆಚ್ಚುವರಿ ಕಾಲಾವಕಾಶ, ಆಮೇಲೆ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನ, ಅದೂ ಕಳೆದು 5 ದಿನಕ್ಕೆ ಹೆಸರು ಯಾರು ಬೇಕಾದರೂ ಪಡೆಯಬಹುದಾದ ಸ್ಥಿತಿಗೆ ಬರುತ್ತದೆ. ನನ್ನ ಲೆಕ್ಕದಲ್ಲಿ ಈ ಅಂಗಡಿಗೆ ಐದರಲ್ಲಿ ನಾಲ್ಕು. ಹೋಗುವವರು ಡೊಮೇನಿಗೆ ಪ್ರತ್ಯೇಕ ಬಿಲ್ ಬೇಕೆಂದು ಮೊದಲೇ ಹೇಳಿ, ಕೇಳಿದರೆ ಕೊಡುತ್ತಾರೆ.