ಸಣ್ಣ ಫೋನು, ಗೂಗಲ್ ಇಲ್ಲದ ಫೋನು: ಗ್ರಾಫೀನ್‌ಓಎಸ್ ಹಾಕಿದ ಪಿಕ್ಸೆಲ್ 8

ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಪರದೆಯ ಮೇಲಿನ ಅಂಚು ಮುಟ್ಟಬಹುದಾದ ಫೋನು ಅಂಗಡಿಗಳಿಂದ ಹೆಚ್ಚುಕಡಿಮೆ ಮಾಯವಾಗಿದೆ. ಮಾಹಿತಿಯನ್ನು ಗೂಗಲ್‌ಗಾಗಲಿ ಆಪಲ್‌ಗಾಗಲಿ ಒಪ್ಪಿಸದ ಫೋನು ಬೇಕೆಂದರೆ ಹುಡುಕಾಟ ಇನ್ನೂ ಕಷ್ಟ. ಎರಡೂ ಒಟ್ಟಿಗೆ ಬೇಕು, ಭಾರತದ ಸಿಮ್ ಮತ್ತು ಬ್ಯಾಂಕಿನ ಜೊತೆ ದಿನವೂ ನಡೆಯಬೇಕು ಎನ್ನುವವರಿಗೆ ಸದ್ಯ ಧೈರ್ಯವಾಗಿ ಹೇಳಬಹುದಾದ ಹೆಸರು ಒಂದೇ: ಗೂಗಲ್ ತಯಾರಿಸಿದ ಪಿಕ್ಸೆಲ್ 8, ಅದರ ಮೇಲೆ ಗ್ರಾಫೀನ್‌ಓಎಸ್, ಅಂದರೆ ಗೂಗಲ್ ಸೇವೆಗಳನ್ನು ತೆಗೆದು ಭದ್ರತೆ ಹೆಚ್ಚಿಸಿದ, ಆಂಡ್ರಾಯ್ಡ್ ಆಧರಿಸಿದ ಓಎಸ್ (ಫೋನು ನಡೆಸುವ ಮೂಲ ತಂತ್ರಾಂಶ). ಕೊರತೆಗಳಿವೆ, ಅದರಲ್ಲೂ ಯುಪಿಐ ವಿಷಯದಲ್ಲಿ. ಅದನ್ನು ತಿಳಿದೇ ಕೊಳ್ಳಬೇಕು.

ಉಳಿದವು ಯಾಕೆ ಬೇಡ ಎಂಬುದನ್ನು ಮೊದಲು ಮುಗಿಸೋಣ. ಅಳತೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಪಿಕ್ಸೆಲ್ 4ಎ: 69.4 ಮಿ.ಮೀ. ಅಗಲ, 143 ಗ್ರಾಂ ತೂಕ, ಇಯರ್‌ಫೋನ್ ಜ್ಯಾಕ್ ಕೂಡ ಇದೆ. ಆದರೆ ಅದರ ಫರ್ಮ್‌ವೇರ್‌ಗೆ (ಚಿಪ್‌ಗಳನ್ನು ನಡೆಸುವ ಒಳ ತಂತ್ರಾಂಶಕ್ಕೆ) ಭದ್ರತಾ ಅಪ್‌ಡೇಟ್ 2023ಕ್ಕೇ ನಿಂತಿತು. ಹಳೆಯ ಫೋನುಗಳಿಗೂ ಸಿಗುವ ಲಿನಿಯೇಜ್‌ಓಎಸ್ ಹಾಕಿದರೆ ಆಂಡ್ರಾಯ್ಡ್ ಹೊಸದಾಗುತ್ತದೆ, ಅಡಿಯಲ್ಲಿರುವ ಮೋಡೆಮ್ (ಮೊಬೈಲ್ ಜಾಲಕ್ಕೆ ಸೇರಿಸುವ ಚಿಪ್), ಜಿಪಿಯು (ಚಿತ್ರ ಮೂಡಿಸುವ ಚಿಪ್) ಫರ್ಮ್‌ವೇರ್ ಹಳೆಯದೇ ಉಳಿಯುತ್ತದೆ. ಅಸೂಸ್ ಝೆನ್‌ಫೋನ್ 9 ಮತ್ತು 10 ಅಂದದ ಸಣ್ಣ ಫೋನುಗಳು, ಆದರೆ ಬೂಟ್‌ಲೋಡರ್ (ಫೋನು ಆನ್ ಆದಾಗ ಓಎಸ್ ಅನ್ನು ಎಬ್ಬಿಸುವ ತಂತ್ರಾಂಶ; ಇದು ತೆರೆಯದೆ ಬೇರೆ ಓಎಸ್ ಹಾಕಲಾಗದು) ಅನ್‌ಲಾಕ್ ಮಾಡುವ ಉಪಕರಣವನ್ನು ಕಂಪನಿ 2023ರಲ್ಲಿ ತೆಗೆದುಹಾಕಿತು. ಯೂನಿಹರ್ಟ್ಜ್ ಜೆಲ್ಲಿ ಸ್ಟಾರ್‌ನ ಪರದೆ ಬರೀ 3 ಇಂಚು, ಜೇಬಿನಲ್ಲಿರುವುದೇ ಗೊತ್ತಾಗದು. ಅದರಲ್ಲಿ ಬರುವುದು ಗೂಗಲ್ ಸೇವೆಗಳಿರುವ ಆಂಡ್ರಾಯ್ಡ್ 13, ಅಪ್‌ಡೇಟ್‌ಗಳು ಭರವಸೆ ಇಡುವಂಥವಲ್ಲ. ಫೇರ್‌ಫೋನ್ ತತ್ವದಲ್ಲಿ ಚೆನ್ನ, ಬಿಚ್ಚಿ ರಿಪೇರಿ ಮಾಡಬಹುದು, ಆದರೆ ಸಣ್ಣದಲ್ಲ, ಭಾರತದಲ್ಲಿ ಅಧಿಕೃತ ಮಾರಾಟವೂ ಇಲ್ಲ. ಲಿಬ್ರೆಮ್ 5 ಮತ್ತು ಪೈನ್‌ಫೋನ್‌ಗಳಲ್ಲಿ ಮೈಕ್, ಕ್ಯಾಮೆರಾ, ಮೋಡೆಮ್‌ಗಳ ವಿದ್ಯುತ್ತನ್ನೇ ಕಡಿಯುವ ಸ್ವಿಚ್‌ಗಳಿವೆ. ಲಿನಕ್ಸ್ ಕಲಿಯುವವರಿಗೆ ಅವು ಒಳ್ಳೆಯ ಯಂತ್ರಗಳು, ದಿನಬಳಕೆಯ ಫೋನಾಗಿ ಬ್ಯಾಟರಿ, ವೇಗ ಎರಡೂ ಸಾಲವು. ಐಐಟಿ ಮದ್ರಾಸಿನ ಆಶ್ರಯದಲ್ಲಿ ಬೆಳೆದು 2023ರಲ್ಲಿ ಸುದ್ದಿಯಾದ ಭಾರ್‌ಓಎಸ್ ಎಂಬ ಓಎಸ್ ಸಂಸ್ಥೆಗಳಿಗಾಗಿ ರೂಪಿಸಿದ್ದು, ಅಂಗಡಿಗೆ ಹೋಗಿ ಕೊಳ್ಳುವಂಥದ್ದಲ್ಲ.

ಇನ್ನು ಪಿಕ್ಸೆಲ್ 8. 150.5 ಮಿ.ಮೀ. ಉದ್ದ, 70.8 ಮಿ.ಮೀ. ಅಗಲ, 187 ಗ್ರಾಂ. ಪರದೆ 6.2 ಇಂಚು. 4ಎ ಬಳಸಿದ ಕೈಗೆ ಇದು ಭಾರ, ಆ ಮಾತು ನಿಜ. ಆದರೆ ಅಂಚುಗಳು ಗುಂಡಗಿರುವುದರಿಂದ ಹಿಡಿತ ಚೆನ್ನಾಗಿ ಸಿಗುತ್ತದೆ. ಅಗ್ಗದ ತಮ್ಮ ಪಿಕ್ಸೆಲ್ 8ಎ ಪರದೆಯಲ್ಲಿ 6.1 ಇಂಚಾದರೂ ಮೈಯಲ್ಲಿ ದೊಡ್ಡದು: 152.1 ಉದ್ದ, 72.7 ಅಗಲ. ಪರದೆಯ ಇಂಚು ನೋಡಿ ಸಣ್ಣ ಫೋನು ಆರಿಸುವವರು ಎಡವುವುದು ಇಲ್ಲೇ. ಕೈಗೆ ಬೇಕಾದ ಅಳತೆ ಅಗಲ. ಎರಡು ಮಿಲಿಮೀಟರ್ ಹೆಚ್ಚಾದರೂ ಹೆಬ್ಬೆರಳು ಎದುರಿನ ಅಂಚು ಮುಟ್ಟಲು ಹೆಣಗುತ್ತದೆ.

ಗೂಗಲ್‌ನಿಂದ ದೂರವಿರಲು ಗೂಗಲ್ ತಯಾರಿಸಿದ ಫೋನೇ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಬೂಟ್‌ಲೋಡರ್. ಬಹುತೇಕ ಬ್ರ್ಯಾಂಡುಗಳಲ್ಲಿ ಬೇರೆ ಓಎಸ್ ಹಾಕಲು ಬೂಟ್‌ಲೋಡರ್ ತೆರೆದರೆ ಅದು ತೆರೆದೇ ಇರಬೇಕು. ಆಗ ಫೋನು ಕೈಗೆ ಸಿಕ್ಕವರು ಓಎಸ್ ತಿದ್ದಿ ವಾಪಸ್ ಇಟ್ಟರೂ ಫೋನು ಗುರುತಿಸದು. ಪಿಕ್ಸೆಲ್‌ನಲ್ಲಿ ಬೇರೆ ಓಎಸ್‌ನ ಸಹಿ ಕೀಲಿಯನ್ನೇ ಫೋನಿಗೆ ತುಂಬಿಸಿ ಮತ್ತೆ ಲಾಕ್ ಮಾಡಬಹುದು, ಪ್ರತಿ ಬೂಟ್‌ನಲ್ಲೂ ತಪಾಸಣೆ ನಡೆಯುತ್ತದೆ. ಜೊತೆಗೆ ಟೈಟನ್ ಎಂ2 ಎಂಬ ಭದ್ರತಾ ಚಿಪ್ ಪಿನ್ ಊಹಿಸುವ ಪ್ರಯತ್ನಗಳ ನಡುವೆ ಕಾಯಿಸುತ್ತ ಹೋಗುವುದರಿಂದ, ಯಾದೃಚ್ಛಿಕವಾಗಿ ಆರಿಸಿದ 6 ಅಂಕಿಯ ಪಿನ್ ಕೂಡ ಸಾಕಾಗುತ್ತದೆ. ಪಿಕ್ಸೆಲ್ 8ರಿಂದ ಮುಂದಕ್ಕೆ ಮೆಮೊರಿ ಟ್ಯಾಗಿಂಗ್ (ಮೆಮೊರಿ ದೋಷಗಳ ಮೂಲಕ ನಡೆಯುವ ದಾಳಿಗಳನ್ನು ಹಿಡಿಯುವ ವ್ಯವಸ್ಥೆ) ಹಾರ್ಡ್‌ವೇರ್‌ನಲ್ಲೇ ಇದೆ, ಗ್ರಾಫೀನ್‌ಓಎಸ್ ಅದನ್ನು ನಿಜವಾಗಿ ಬಳಸಿಕೊಳ್ಳುತ್ತದೆ. ಅಪ್‌ಡೇಟ್ ಭರವಸೆ 2030ರ ಅಕ್ಟೋಬರ್‌ವರೆಗೆ. ಒಂದು ಆತಂಕವೂ ಇದೆ: 2025ರ ಜೂನ್‌ನಲ್ಲಿ ಆಂಡ್ರಾಯ್ಡ್ 16 ಬಂದಾಗ ಪಿಕ್ಸೆಲ್‌ಗಳ ಡಿವೈಸ್ ಟ್ರೀಯನ್ನು (ಆಯಾ ಫೋನಿಗೆ ಆಂಡ್ರಾಯ್ಡ್ ಹೊಂದಿಸಲು ಬೇಕಾದ ಕಡತಗಳನ್ನು) ಗೂಗಲ್ ಬಿಡುಗಡೆ ಮಾಡಲಿಲ್ಲ. ಗ್ರಾಫೀನ್‌ಓಎಸ್ ತಂಡ ಅದನ್ನು ತಾವೇ ಕಟ್ಟಿಕೊಂಡು ಮುಂದುವರಿದಿದೆ, ಆದರೆ ಗೂಗಲ್ ಮೇಲಿನ ಈ ಅವಲಂಬನೆ ಪೂರ್ತಿ ಹೋಗಿಲ್ಲ.

2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ 75,999 ರೂಪಾಯಿಗೆ ಬಿಡುಗಡೆಯಾದ ಫೋನಿದು. ಈಗ ಕೊಳ್ಳುವವರು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ನೋಡುತ್ತಾರೆ, ಎಚ್ಚರ ಬೇಕಾದದ್ದು ಅಲ್ಲಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಾಗಲಿ ಆನ್‌ಲೈನ್ ಮಾರಾಟಗಾರರ ಬಳಿಯಾಗಲಿ ಅಮೆರಿಕದಿಂದ ಬಂದ ಪಿಕ್ಸೆಲ್ ಕೈಗೆ ಬರಬಹುದು. ಅದು ಅಲ್ಲಿನ ಮೊಬೈಲ್ ಸೇವಾ ಕಂಪನಿ ವೆರೈಝನ್‌ನ ಮಾದರಿಯಾದರೆ ಬೂಟ್‌ಲೋಡರ್ ಎಂದೂ ತೆರೆಯದು, ನಿಮ್ಮ ಹಣ ಹೋದಂತೆ. ಹಾಗಾಗಿ ದುಡ್ಡು ಕೊಡುವ ಮೊದಲೇ ಫೋನನ್ನು ವೈಫೈಗೆ ಸೇರಿಸಿ. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ, ಸಿಸ್ಟಮ್ ಒಳಗಿನ ಡೆವಲಪರ್ ಆಪ್ಷನ್ಸ್‌ಗೆ ಹೋಗಿ ಬೂಟ್‌ಲೋಡರ್ ತೆರೆಯಲು ಅನುಮತಿಸುವ 'ಒಇಎಂ ಅನ್‌ಲಾಕಿಂಗ್' ಬಟನ್ ಆನ್ ಆಗುತ್ತದೆಯೇ ನೋಡಿ. ಇಂಟರ್ನೆಟ್ ಇದ್ದೂ ಅದು ಮಂಕಾಗಿದ್ದರೆ ಆ ಫೋನು ಬೇಡ, ಎಷ್ಟೇ ಅಗ್ಗವಾದರೂ. ನಂತರ *#06# ಒತ್ತಿ ಫೋನಿನ ಗುರುತು ಸಂಖ್ಯೆಯಾದ ಐಎಂಇಐ ಪಡೆಯಿರಿ. ಕೆವೈಎಂ (KYM) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಅದು ಕಪ್ಪುಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ಕೆಲವು ಪಿಕ್ಸೆಲ್ 8ಗಳ ಪರದೆಯಲ್ಲಿ ನೇರ ಗೆರೆ, ಮಿನುಗು ಕಾಣಿಸುವ ದೋಷವಿದೆ. ಪೂರ್ತಿ ಬೂದು ಬಣ್ಣದ ಚಿತ್ರವೊಂದನ್ನು ತೆರೆದು, ಬೆಳಕನ್ನು ಕಡಿಮೆ ಮಾಡಿ, ಅರ್ಧ ನಿಮಿಷ ದಿಟ್ಟಿಸಿ. ಹಳೆಯ ಪಿಕ್ಸೆಲ್ 6ಎ, 7ಎಗಳು ಇನ್ನಷ್ಟು ಅಗ್ಗಕ್ಕೆ ಸಿಗುತ್ತವೆ, ಆದರೆ 6ಎ ಬ್ಯಾಟರಿ ಬಿಸಿಯಾಗುವ, 7ಎ ಬ್ಯಾಟರಿ ಊದಿಕೊಳ್ಳುವ ದೂರುಗಳಿಗಾಗಿ ಗೂಗಲ್ 2025ರಲ್ಲಿ ವಿಶೇಷ ಕಾರ್ಯಕ್ರಮಗಳನ್ನೇ ಘೋಷಿಸಬೇಕಾಯಿತು.

ಇನ್‌ಸ್ಟಾಲ್ ಮಾಡುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಗ್ರಾಫೀನ್‌ಓಎಸ್ ಜಾಲತಾಣದ ವೆಬ್ ಇನ್‌ಸ್ಟಾಲರ್ ಅನ್ನು ಕಂಪ್ಯೂಟರಿನ ಕ್ರೋಮ್, ಎಡ್ಜ್ ಅಥವಾ ಕ್ರೋಮಿಯಂನಲ್ಲಿ ತೆರೆಯಬೇಕು. ಫೈರ್‌ಫಾಕ್ಸ್‌ನಲ್ಲಿ ಆಗದು. ಇನ್‌ಕಾಗ್ನಿಟೊ ಕಿಟಕಿ ಬೇಡ. ಕಂಪ್ಯೂಟರಿನಲ್ಲಿ 2 ಜಿಬಿ ಖಾಲಿ ಮೆಮೊರಿ, 32 ಜಿಬಿ ಖಾಲಿ ಜಾಗ ಇರಲಿ. ಫೋನಿನ ಮೂಲ ಓಎಸ್ ಅನ್ನು ಮೊದಲು ಪೂರ್ತಿ ಅಪ್‌ಡೇಟ್ ಮಾಡಿ, ಒಇಎಂ ಅನ್‌ಲಾಕಿಂಗ್ ಆನ್ ಮಾಡಿ, ವಾಲ್ಯೂಮ್ ಕೆಳಗಿನ ಬಟನ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿದರೆ ಫಾಸ್ಟ್‌ಬೂಟ್ ಪರದೆ ಬರುತ್ತದೆ. ಅಲ್ಲಿಂದ ಮುಂದೆ ವೆಬ್ ಪುಟದ ಬಟನ್‌ಗಳನ್ನು ಒಂದೊಂದಾಗಿ ಒತ್ತುವುದಷ್ಟೇ: ಅನ್‌ಲಾಕ್, ಡೌನ್‌ಲೋಡ್, ಫ್ಲ್ಯಾಶ್ (ಓಎಸ್ ಅನ್ನು ಫೋನಿಗೆ ತುಂಬುವುದು), ಲಾಕ್. ಅನ್‌ಲಾಕ್ ಮತ್ತು ಲಾಕ್ ಎರಡನ್ನೂ ಫೋನಿನ ಮೇಲೆಯೇ ವಾಲ್ಯೂಮ್ ಬಟನ್‌ನಿಂದ ಆರಿಸಿ ಪವರ್ ಬಟನ್‌ನಿಂದ ಒಪ್ಪಬೇಕು, ಎರಡು ಸಲವೂ ಫೋನಿನೊಳಗಿನದೆಲ್ಲ ಅಳಿಯುತ್ತದೆ.

ತೊಂದರೆ ಬಂದರೆ ಹೆಚ್ಚಾಗಿ ಕೇಬಲ್‌ದೇ ತಪ್ಪು. ಯುಎಸ್‌ಬಿ ಹಬ್ ಬಿಟ್ಟು ನೇರ ಪೋರ್ಟ್‌ಗೆ ಸಿಕ್ಕಿಸಿ, ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್ ಬೇಡ. ವಿಂಡೋಸ್‌ನಲ್ಲಿ ಫೋನು ಕಾಣದಿದ್ದರೆ ವಿಂಡೋಸ್ ಅಪ್‌ಡೇಟ್‌ನ ಐಚ್ಛಿಕ ಅಪ್‌ಡೇಟ್‌ಗಳಲ್ಲಿ ಡ್ರೈವರ್ ಇರುತ್ತದೆ. ಲಿನಕ್ಸ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯುಯುಪಿಡಿ (fwupd) ಸೇವೆ ಫೋನನ್ನು ಹಿಡಿದುಕೊಂಡು ಬ್ರೌಸರ್‌ಗೆ ಬಿಡುವುದಿಲ್ಲ, ಅದನ್ನು ನಿಲ್ಲಿಸಿ. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಎಂಬ ಪ್ಯಾಕೇಜ್ ರೂಪದಲ್ಲಿ ಹಾಕಿದ ಬ್ರೌಸರ್ ಬಳಸಬೇಡಿ. ಕೊನೆಯ ಲಾಕ್ ಹಂತವನ್ನು 'ಹೇಗೂ ನಡೆಯುತ್ತಿದೆಯಲ್ಲ' ಎಂದು ಬಿಡುವವರಿದ್ದಾರೆ. ಬಿಟ್ಟರೆ ಈ ಫೋನು ಕೊಂಡ ಉದ್ದೇಶವೇ ಹೋಯಿತು. ಪ್ರತಿ ಸಲ ಆನ್ ಮಾಡಿದಾಗ ಹಳದಿ ಎಚ್ಚರಿಕೆ ಮತ್ತು ಒಂದು ಉದ್ದ ಸಂಕೇತ ಕಾಣಿಸುತ್ತದೆ. ಆ ಸಂಕೇತವನ್ನು ಜಾಲತಾಣದಲ್ಲಿ ಪಿಕ್ಸೆಲ್ 8ಕ್ಕೆ ಕೊಟ್ಟಿರುವುದರ ಜೊತೆ ಒಮ್ಮೆಯಾದರೂ ಹೋಲಿಸಿ ನೋಡಿ.

ಹೊಸ ಫೋನು ತೆರೆದರೆ ಹತ್ತು ಹನ್ನೆರಡು ಆ್ಯಪ್‌ಗಳಷ್ಟೇ ಇರುತ್ತವೆ, ಗೂಗಲ್‌ನದು ಒಂದೂ ಇಲ್ಲ. ಇದರ ನಿಜವಾದ ಬೆಲೆ ಗೊತ್ತಾಗುವುದು ವಾಟ್ಸಾಪ್ ಹಾಕುವಾಗ. ಸಂಪರ್ಕಗಳಿಗೆ ಅನುಮತಿ ಬೇಕು ಎಂದು ಅದು ಕೇಳುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಇಡೀ ಪಟ್ಟಿ ಕೊಡಬೇಕು, ಇಲ್ಲವೇ ಹೆಸರುಗಳಿಲ್ಲದೆ ಬರಿಯ ನಂಬರ್ ನೋಡುತ್ತ ಕೂರಬೇಕು. ಇಲ್ಲಿ ಕಾಂಟ್ಯಾಕ್ಟ್ ಸ್ಕೋಪ್ಸ್ ಆನ್ ಮಾಡಿದರೆ ಅನುಮತಿ ಸಿಕ್ಕಿದೆ ಎಂದೇ ವಾಟ್ಸಾಪ್ ತಿಳಿಯುತ್ತದೆ, ಆದರೆ ಅದಕ್ಕೆ ಕಾಣುವ ಪಟ್ಟಿ ಖಾಲಿ. ಮನೆಯವರು, ಮಕ್ಕಳ ಶಾಲೆಯವರು, ಕಚೇರಿಯ ನಾಲ್ವರು, ಹೀಗೆ ನೀವು ಆರಿಸಿದವರು ಮಾತ್ರ ಅದರ ಕಣ್ಣಿಗೆ ಬೀಳುತ್ತಾರೆ. ವೈದ್ಯರ ನಂಬರ್, ವಕೀಲರ ನಂಬರ್ ವಾಟ್ಸಾಪ್‌ನ ಒಡೆತನದ ಮೆಟಾ ಕಂಪನಿಗೆ ತಲುಪಬೇಕಿಲ್ಲ. ಫೋಟೊಗಳಿಗೆ ಸ್ಟೋರೇಜ್ ಸ್ಕೋಪ್ಸ್ ಇದೇ ಕೆಲಸ ಮಾಡುತ್ತದೆ. ಪ್ರತಿ ಆ್ಯಪ್‌ಗೂ ನೆಟ್‌ವರ್ಕ್ ಅನುಮತಿಯನ್ನೇ ತೆಗೆಯಬಹುದು: ಕ್ಯಾಲ್ಕುಲೇಟರ್‌ಗೆ, ಫೈಲ್ ನೋಡುವ ಆ್ಯಪ್‌ಗೆ, ಟಾರ್ಚ್‌ಗೆ ಇಂಟರ್ನೆಟ್ ಯಾಕೆ? 18 ಗಂಟೆ ಅನ್‌ಲಾಕ್ ಮಾಡದಿದ್ದರೆ ಫೋನು ತಾನಾಗಿ ರೀಸ್ಟಾರ್ಟ್ ಆಗಿ ಮಾಹಿತಿ ಮತ್ತೆ ಪೂರ್ತಿ ಎನ್‌ಕ್ರಿಪ್ಷನ್ ಒಳಗೆ ಸೇರುತ್ತದೆ, ಕಳೆದುಹೋದ ಫೋನಿನ ವಿಷಯದಲ್ಲಿ ಇದು ದೊಡ್ಡ ನೆಮ್ಮದಿ.

ಈಗ ಬ್ಯಾಂಕ್ ಮತ್ತು ಯುಪಿಐ. ಗೂಗಲ್ ವಾಲೆಟ್‌ನ ಟ್ಯಾಪ್ ಪಾವತಿ ನಡೆಯುವುದಿಲ್ಲ, ಅದಕ್ಕೆ ಉಪಾಯವಿಲ್ಲ. ಬ್ಯಾಂಕ್ ಆ್ಯಪ್‌ಗಳಲ್ಲಿ ಕೆಲವು ಸಲೀಸಾಗಿ ನಡೆಯುತ್ತವೆ, ಕೆಲವು ತೆರೆಯುವುದೇ ಇಲ್ಲ. ಪ್ಲೇ ಇಂಟೆಗ್ರಿಟಿ ಎಂಬ ತಪಾಸಣೆಯಲ್ಲಿ ಗೂಗಲ್ ಪ್ರಮಾಣೀಕರಿಸಿದ ಓಎಸ್‌ಗೆ ಮಾತ್ರ ಡಿವೈಸ್ ಮಟ್ಟದ ಪಾಸು. ಗ್ರಾಫೀನ್‌ಓಎಸ್ ಎಷ್ಟೇ ಭದ್ರವಾದರೂ ಬೇಸಿಕ್ ಮಟ್ಟವನ್ನಷ್ಟೇ ದಾಟುತ್ತದೆ. ಅಪ್‌ಡೇಟ್ ಇಲ್ಲದೆ ವರ್ಷಗಳಾದ ಅಗ್ಗದ ಫೋನನ್ನು ಒಪ್ಪಿ, ತಿಂಗಳು ತಿಂಗಳು ಭದ್ರತಾ ತಿದ್ದುಪಡಿ ಪಡೆಯುವ ಫೋನನ್ನು ಹೊರಗಿಡುವ ಈ ಕ್ರಮ ಗ್ರಾಹಕರಿಗೆ ಮಾಡುವ ಅನ್ಯಾಯ. ಬ್ಯಾಂಕುಗಳು ಬಯಸಿದರೆ ಹಾರ್ಡ್‌ವೇರ್ ದೃಢೀಕರಣದ (ಯಾವ ಓಎಸ್ ಇದೆ ಎಂದು ಫೋನಿನ ಚಿಪ್ಪೇ ಕೊಡುವ ಸಾಕ್ಷಿಯ) ಮೂಲಕ ಗ್ರಾಫೀನ್‌ಓಎಸ್‌ಗೆ ಒಪ್ಪಿಗೆ ಕೊಡಬಹುದು.

ಪ್ರಯತ್ನಿಸುವ ಕ್ರಮ ಹೀಗೆ. ಸೆಟ್ಟಿಂಗ್ಸ್, ಸಿಸ್ಟಮ್, ಯೂಸರ್ಸ್‌ನಲ್ಲಿ 'ಬ್ಯಾಂಕ್' ಎಂಬ ಎರಡನೇ ಪ್ರೊಫೈಲ್ ಮಾಡಿ, ಅದಕ್ಕೆ ಕರೆ ಮತ್ತು ಎಸ್ಸೆಮ್ಮೆಸ್ ಅನುಮತಿ ಕೊಡಿ. ಇದನ್ನು ಮರೆತರೆ ಸಿಮ್ ದೃಢೀಕರಣದ ಎಸ್ಸೆಮ್ಮೆಸ್ ಹೋಗದೆ ಯುಪಿಐ ನೋಂದಣಿ ಸುತ್ತುತ್ತಲೇ ಇರುತ್ತದೆ. ಆ ಪ್ರೊಫೈಲ್‌ನಲ್ಲಿ ಗ್ರಾಫೀನ್‌ಓಎಸ್‌ನ ಆ್ಯಪ್ ಸ್ಟೋರ್‌ನಿಂದ ಗೂಗಲ್ ಪ್ಲೇ ಹಾಕಿ. ಅದು ಅಲ್ಲಿ ಸಾಮಾನ್ಯ ಆ್ಯಪ್‌ನಂತೆ ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೇ ಇರುತ್ತದೆ, ವಿಶೇಷ ಅಧಿಕಾರವಿಲ್ಲ. ಬ್ಯಾಂಕ್ ಆ್ಯಪ್ ಅನ್ನು ಪ್ಲೇ ಸ್ಟೋರ್‌ನಿಂದಲೇ ಪಡೆಯಿರಿ. ಗೂಗಲ್ ಖಾತೆಯಿಲ್ಲದೆ ಪ್ಲೇ ಸ್ಟೋರ್‌ನ ಆ್ಯಪ್‌ಗಳನ್ನು ಕೊಡುವ ಅರೋರಾ ಸ್ಟೋರ್‌ನಿಂದ ಹಾಕಿದರೆ ಎಲ್ಲಿಂದ ಬಂತು ಎಂಬ ತಪಾಸಣೆಯಲ್ಲಿ ಸಿಕ್ಕಿಬೀಳಬಹುದು. ಡೆವಲಪರ್ ಆಪ್ಷನ್ಸ್ ಆಫ್ ಮಾಡಿ. ನಮ್ಮ ಹಲವು ಬ್ಯಾಂಕ್ ಆ್ಯಪ್‌ಗಳು ಅದೊಂದು ಆನ್ ಇದ್ದರೆ ಸಾಕು, ತೆರೆಯುವುದಿಲ್ಲ, ಜನ ಓಎಸ್ ಅನ್ನು ಬೈಯುತ್ತಾರೆ. ತೆರೆದ ಕೂಡಲೇ ಮುಚ್ಚಿಕೊಂಡರೆ ಆ್ಯಪ್ ಇನ್ಫೋದಲ್ಲಿ 'ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್ ಕಂಪ್ಯಾಟಿಬಿಲಿಟಿ ಮೋಡ್' ಆನ್ ಮಾಡಿ ನೋಡಿ. ಇಷ್ಟಾದರೂ ಒಪ್ಪದಿದ್ದರೆ ಬ್ರೌಸರ್‌ನಲ್ಲಿ ನೆಟ್ ಬ್ಯಾಂಕಿಂಗ್, ಇಲ್ಲವೇ ಇಂಟರ್ನೆಟ್ ಬೇಡದ *99# ಸೇವೆ. ಇದರಲ್ಲಿ ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು. ನಮ್ಮ ಮೆಟ್ರೊಗೆ ಎನ್‌ಸಿಎಂಸಿ ಕಾರ್ಡ್ (ಪ್ರಯಾಣಕ್ಕೆ ಬಳಸುವ ರಾಷ್ಟ್ರೀಯ ಸಾಮಾನ್ಯ ಕಾರ್ಡ್) ಇಟ್ಟುಕೊಂಡರೆ ಫೋನೇ ಬೇಕಿಲ್ಲ. ಹಳೆಯ ಫೋನು ಇನ್ನೂ ಕೈಯಲ್ಲಿದ್ದರೆ ಮಾರಬೇಡಿ. ಈ ಫೋನಿನಲ್ಲಿ ನಿಮ್ಮ ಬ್ಯಾಂಕ್ ಒಂದೆರಡು ತಿಂಗಳು ಸುಸೂತ್ರವಾಗಿ ನಡೆದ ಮೇಲೆ ಮಾರಿದರಾಯಿತು.

ಕನ್ನಡದ ವಿಷಯಕ್ಕೆ ಬಂದರೆ, ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಬಹುದು. ಜೊತೆಗೆ ಬರುವ ಕೀಬೋರ್ಡ್‌ನಲ್ಲಿ ಕನ್ನಡ ವಿನ್ಯಾಸ ಇದೆ, ಪದ ಸೂಚನೆ ನಿರೀಕ್ಷಿಸಬೇಡಿ. ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿ ಎಫ್-ಡ್ರಾಯ್ಡ್‌ನ ಇಂಡಿಕ್ ಕೀಬೋರ್ಡ್ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವರಿಗೆ ಅನುಕೂಲ. ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಬಿಡಲಾಗದವರು ಅದನ್ನು ಹಾಕಿ, ಕನ್ನಡದ ಪ್ಯಾಕ್ ಡೌನ್‌ಲೋಡ್ ಆದ ಮೇಲೆ ನೆಟ್‌ವರ್ಕ್ ಅನುಮತಿ ತೆಗೆದುಬಿಡಿ. ಟೈಪಿಂಗ್‌ಗೆ ಅಡ್ಡಿಯಿಲ್ಲ, ಒತ್ತಿದ ಅಕ್ಷರವನ್ನು ಅದು ನೇರವಾಗಿ ಇಂಟರ್ನೆಟ್‌ಗೆ ಕಳಿಸಲಾರದು. ಪರದೆ ಓದಿಸಿ ಕೇಳಬೇಕಾದವರಿಗೆ ಇ-ಸ್ಪೀಕ್ ಎನ್‌ಜಿ ಕನ್ನಡ ಓದುತ್ತದೆ, ದನಿ ಯಾಂತ್ರಿಕ. ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಇಂಟರ್ನೆಟ್ ಇಲ್ಲದೆ ದಾರಿ ತೋರಿಸುತ್ತದೆ, ಆದರೆ ಸಂಜೆಯ ಸಿಲ್ಕ್ ಬೋರ್ಡ್ ಜಾಮ್ ಅದಕ್ಕೆ ಗೊತ್ತಾಗದು.

ಈ ಫೋನಿನ ನಿಜವಾದ ದೌರ್ಬಲ್ಯ ಮೋಡೆಮ್. ಸಿಗ್ನಲ್ ದುರ್ಬಲವಾದ ಕಡೆ, ಮಲೆನಾಡಿನ ಒಳಹಳ್ಳಿಗಳಂಥಲ್ಲಿ, ಫೋನು ಬಿಸಿಯಾಗಿ 4,575 ಎಂಎಎಚ್ ಬ್ಯಾಟರಿ ಬೇಗ ಇಳಿಯುತ್ತದೆ. ನೆಟ್‌ವರ್ಕ್ ಆಯ್ಕೆಯಲ್ಲಿ 4ಜಿ ಮಾತ್ರ ಎಂದು ಇಟ್ಟರೆ 5ಜಿ ಹುಡುಕಾಟ ನಿಂತು ಸುಧಾರಿಸುತ್ತದೆ, 2ಜಿ ಮೂಲಕ ಬರುವ ದಾಳಿಗಳಿಗೂ ಬಾಗಿಲು ಮುಚ್ಚುತ್ತದೆ. ಹೀಗಿಟ್ಟಾಗ ಕರೆಗಳು ವೋಲ್ಟೆಯಲ್ಲೇ (4ಜಿ ಜಾಲದ ಮೂಲಕವೇ) ಹೋಗಬೇಕು, ಹಾಗಾಗಿ ಊರಿಗೆ ಹೊರಡುವ ಮೊದಲೇ ಒಂದು ಕರೆ ಮಾಡಿ ಖಚಿತಪಡಿಸಿಕೊಳ್ಳಿ.