ಮರದ ಹೊಟ್ಟು, ಪ್ಲಾಸ್ಟಿಕ್: ನಡುವಿನ ಬೆಸುಗೆಗೆ ಯಾವುದು ವಾಸಿ?

ಮರದ ಹೊಟ್ಟು ಬೆರೆಸಿದ ಪ್ಲಾಸ್ಟಿಕ್ ಹಲಗೆಯನ್ನು ಕೈಯಲ್ಲಿ ಬಗ್ಗಿಸಿ ನೋಡಿ 'ಗಟ್ಟಿಯಾಗಿದೆ' ಎಂದು ತೀರ್ಪು ಕೊಡುವವರು ಬಹಳ. ಆ ಪರೀಕ್ಷೆಯಲ್ಲಿ ಕೆಟ್ಟ ಹಲಗೆಯೂ ಪಾಸಾಗುತ್ತದೆ. ಬಗ್ಗದಿರುವುದು ಒಂದು ಗುಣ, ಮುರಿಯದಿರುವುದು ಇನ್ನೊಂದು. ಇದನ್ನು ಕಣ್ಣಾರೆ ನೋಡಲು ಒಂದೇ ಸಾಮಿಲ್ಲಿನ ಸಿಲ್ವರ್ ಓಕ್ ಹೊಟ್ಟು ಮತ್ತು ಒಂದೇ ದರ್ಜೆಯ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ತೂಕದಲ್ಲಿ 40ಕ್ಕೆ 60ರಂತೆ ಬೆರೆಸಿ ಪಟ್ಟಿಗಳನ್ನು ಒತ್ತಿದೆ. ಬದಲಾಯಿಸಿದ್ದು ಬೆಸುಗೆಯ ಬಗೆಯನ್ನು ಮಾತ್ರ, ಅಂದರೆ ಮರವನ್ನೂ ಪ್ಲಾಸ್ಟಿಕ್ಕನ್ನೂ ಒಂದಕ್ಕೊಂದು ಅಂಟಿಸುವ ದಾರಿಯನ್ನು. ಹೊಟ್ಟನ್ನು ಚೆನ್ನಾಗಿ ಒಣಗಿಸಿಕೊಂಡು, ಕಾವನ್ನು 190 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಂಡೆ; 200ರ ಆಚೆ ಮರ ಕಂದುತ್ತದೆ.

ಮೊದಲನೆಯದು ಏನನ್ನೂ ಸೇರಿಸದ ಬರಿಯ ಮಿಶ್ರಣ. ಬರಿಯ ಪ್ಲಾಸ್ಟಿಕ್ ಪಟ್ಟಿಗಿಂತ ಇದು ಎಷ್ಟೋ ಬಿಗಿ, ಅಂದರೆ ಬಗ್ಗುವುದು ಕಡಿಮೆ. ಆದರೆ ಎಳೆದಾಗ ಬರಿಯ ಪ್ಲಾಸ್ಟಿಕ್ಕಿಗಿಂತ ಬೇಗ ತುಂಡಾಯಿತು. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ತಿಳಿಯುತ್ತದೆ: ಮರದ ಎಳೆಗಳು ಹಿರಿದು ಬಂದ ಖಾಲಿ ಗೂಡುಗಳು, ಪ್ಲಾಸ್ಟಿಕ್ಕಿನ ಲೇಪವೇ ಇಲ್ಲದ ಎಳೆಗಳು. ಮರದ ಎಳೆಗಳ ಮುಖ್ಯ ವಸ್ತುವಾದ ಸೆಲ್ಯುಲೋಸಿನ ತುಂಬ ನೀರಿಗೆ ಒಲಿಯುವ ಹೈಡ್ರಾಕ್ಸಿಲ್ ಗುಂಪುಗಳಿವೆ. ಪಾಲಿಪ್ರೊಪಿಲೀನಿನಲ್ಲಿ ಅಂಥದ್ದೇನೂ ಇಲ್ಲ. ಕೆಸುವಿನೆಲೆಯ ಮೇಲೆ ನೀರು ನಿಂತಂತೆ ಎರಡೂ ತಾಗಿಕೊಂಡಿರುತ್ತವೆ, ಅಂಟಿಕೊಂಡಿರುವುದಿಲ್ಲ. ಸ್ವಲ್ಪವೇ ಬಗ್ಗಿಸಿದಾಗ ಅಷ್ಟು ಸಾಕು. ಭಾರ ಏರಿದಾಗ ಪ್ರತಿಯೊಂದು ಎಳೆಯ ಸುತ್ತಲೂ ಬಿರುಕಿಗೆ ದಾರಿ ಸಿದ್ಧವಾಗಿರುತ್ತದೆ.

ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹೊಟ್ಟನ್ನು ನೆನೆಸುವುದು ಎರಡನೆಯ ದಾರಿ. ಇದು ಮರದ ಹೊರಮೈಯ ಹೆಮಿಸೆಲ್ಯುಲೋಸನ್ನೂ ಒಂದಿಷ್ಟು ಲಿಗ್ನಿನನ್ನೂ (ಎರಡೂ ಸೆಲ್ಯುಲೋಸಿನ ಜೊತೆ ಮರದಲ್ಲಿರುವ ವಸ್ತುಗಳು) ತೆಗೆದು ಮೈಯನ್ನು ಒರಟು ಮಾಡುತ್ತದೆ. ಪ್ಲಾಸ್ಟಿಕ್ ಆ ಒರಟಿನೊಳಗೆ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಸುಧಾರಣೆ ಕಂಡಿತು, ಆದರೆ ತೊಳೆಯುವ ನೀರು, ಮತ್ತೆ ಒಣಗಿಸುವ ಖರ್ಚು, ಕ್ಷಾರದ ನೀರನ್ನು ಎಲ್ಲಿ ಬಿಡುವುದೆಂಬ ತಲೆನೋವು ಲೆಕ್ಕ ಹಾಕಿದರೆ ನನಗೆ ಇದು ಬೇಡವೇ ಬೇಡ.

ಮೂರನೆಯದು ಸಿಲೇನ್, ಸಿಲಿಕಾನ್ ಇರುವ ಒಂದು ಬೆಸುಗೆ ರಾಸಾಯನಿಕ. ಮರದ ಕಡೆಯ ಬೆಸುಗೆ ಒಳ್ಳೆಯದೇ. ಪ್ಲಾಸ್ಟಿಕ್ ಕಡೆಗೆ ಕೈ ಹಿಡಿಯಬೇಕಾದರೆ ವಿನೈಲ್ ಬಗೆಯ ಸಿಲೇನಿಗೆ ಕ್ರಿಯೆ ಶುರುಮಾಡುವ ಪೆರಾಕ್ಸೈಡ್ ಎಂಬ ರಾಸಾಯನಿಕದ ಜೊತೆ ಬೇಕು, ಆ ಪೆರಾಕ್ಸೈಡ್ ಪಾಲಿಪ್ರೊಪಿಲೀನಿನ ಸರಪಳಿಗಳನ್ನೇ ಕತ್ತರಿಸುತ್ತದೆ. ಇನ್ನೊಂದು ಬಗೆಯ ಪ್ಲಾಸ್ಟಿಕ್ ಆದ ಪಾಲಿಎಥಿಲೀನ್ ಜೊತೆಗಾದರೆ ಸಿಲೇನ್ ಮರ್ಯಾದೆ ಉಳಿಸಿಕೊಳ್ಳುತ್ತದೆ.

ಇನ್ನು ಎಂಎಪಿಪಿ, ಅಂದರೆ ಮ್ಯಾಲೆಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಕಸಿ ಮಾಡಿದ ಪಾಲಿಪ್ರೊಪಿಲೀನ್. ಗೆಲುವು ಇದರದ್ದೇ, ಅದೂ ದೊಡ್ಡ ಅಂತರದಲ್ಲಿ. ಕಸಿಯಾದ ತುದಿ ಮರದ ಹೈಡ್ರಾಕ್ಸಿಲಿನೊಂದಿಗೆ ಎಸ್ಟರ್ ಎಂಬ ರಾಸಾಯನಿಕ ಬಂಧ ಕಟ್ಟುತ್ತದೆ. ಉಳಿದ ಬಾಲ ಸುತ್ತಲಿನ ಪ್ಲಾಸ್ಟಿಕ್ ಸರಪಳಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಟ್ಟು ತೂಕದ 3 ಶೇಕಡಾ ಸೇರಿಸಿದೆ. ಬೇರೆ ತೊಟ್ಟಿ ಬೇಡ, ದ್ರಾವಣ ಬೇಡ, ಕಾಳುಗಳನ್ನು ಮಿಶ್ರಣಕ್ಕೆ ಸುರಿದರಾಯಿತು. ಬಿಗಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಎಳೆತದ ಬಲದಲ್ಲಿ ಮಾತ್ರ ಬರಿಯ ಪ್ಲಾಸ್ಟಿಕ್ಕನ್ನೂ ಹಿಂದಿಕ್ಕಿತು. ಮುರಿದ ಮುಖದಲ್ಲಿ ಖಾಲಿ ಗೂಡುಗಳು ವಿರಳ; ಎಳೆಗಳು ಕಿತ್ತು ಬರದೆ ನಡುವೆಯೇ ತುಂಡಾಗಿದ್ದವು. ನೀರಲ್ಲಿ ನೆನೆಹಾಕಿದ ತುಂಡುಗಳಲ್ಲಿ ಬರಿಯ ಮಿಶ್ರಣದ ಅಂಚು ಊದಿಕೊಂಡರೆ ಇದರದ್ದು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹೊರಗಿನ ಕೆಲಸಕ್ಕೆ ನನಗೆ ಎಳೆತದ ಬಲಕ್ಕಿಂತ ಇದೇ ಮುಖ್ಯ.

ತಕರಾರುಗಳೂ ಇವೆ. ಹಲಗೆ ಅಚ್ಚಿನಿಂದ ಸಲೀಸಾಗಿ ಜಾರಲೆಂದು ಜಿಂಕ್ ಸ್ಟಿಯರೇಟ್ ಎಂಬ ಸತು ಇರುವ ಜಾರುಪುಡಿ ಹಾಕುವ ರೂಢಿಯಿದೆ. ಅದು ಮ್ಯಾಲೆಯಿಕ್ ಗುಂಪುಗಳನ್ನು ತಾನೇ ಹಿಡಿದುಕೊಂಡು ಬೆಸುಗೆಗೆ ಉಳಿಸುವುದಿಲ್ಲ. ಲೋಹವಿಲ್ಲದ ಮೇಣ ಬಳಸಬೇಕು. ಇನ್ನೊಂದು, ಗೀರು ಬಿದ್ದ ಪಟ್ಟಿಗೆ ಹೊಡೆತ ಕೊಟ್ಟಾಗ ಬಿಗಿ ಬೆಸುಗೆಯಿಂದ ಲಾಭವೇನೂ ಕಾಣಲಿಲ್ಲ. ಎಳೆಗಳು ಜಾರಿ ಹೊರಬರುವಾಗಲೂ ಒಂದಿಷ್ಟು ಪೆಟ್ಟು ಹೀರಿಕೊಳ್ಳುತ್ತವೆ, ಆ ಅನುಕೂಲ ಇಲ್ಲಿ ಹೋಗುತ್ತದೆ.

ಹೂಕುಂಡ, ಗೋಡೆಯ ಅಲಂಕಾರದ ಪಟ್ಟಿಗಳಿಗೆ ಬರಿಯ ಮಿಶ್ರಣವೇ ಸಾಕು, ಸುಮ್ಮನೆ ಖರ್ಚು ಮಾಡಬೇಡಿ. ಭಾರ ಹೊರುವ, ಮಳೆಗೆ ಒಡ್ಡುವ ಹಲಗೆಗೆ ಎಂಎಪಿಪಿ ಬಿಟ್ಟು ಬೇರೆಯದನ್ನು ನಾನು ಹೇಳಲಾರೆ. ನಿಮ್ಮ ಪ್ಲಾಸ್ಟಿಕ್ ಹಾಲಿನ ಪ್ಯಾಕೆಟ್ ಕರಗಿಸಿದ್ದಾದರೆ ಅದು ಪಾಲಿಎಥಿಲೀನ್. ಆಗ ಅಂಗಡಿಯಲ್ಲಿ ಕೇಳಬೇಕಾದದ್ದು ಎಂಎಪಿಇ, ಅಂದರೆ ಅದೇ ರೀತಿ ಕಸಿ ಮಾಡಿದ ಪಾಲಿಎಥಿಲೀನ್.