ಹಳೆ ಬೊಲೆರೊ ಪಿಕಪ್‌ಗೆ ಬ್ಯೂಟೈಲ್ ಶೀಟು, ವಿನೈಲು, ಕಾರ್ಪೆಟ್ಟು: ದುಡ್ಡು ಎಲ್ಲಿಗೆ ಹಾಕಬೇಕು

2.5 ಲೀಟರ್ ಡೀಸೆಲ್ ಇಂಜಿನ್ನಿನ ಹಳೆ ಬೊಲೆರೊ ಪಿಕಪ್‌ನಲ್ಲಿ ಕಾಲ ಕೆಳಗೆ ಇರುವುದು ಬರೀ ತಗಡು, ಅದರ ಮೇಲೊಂದು ರಬ್ಬರ್ ಮ್ಯಾಟು. ಫೋರ್ತ್ ಗೇರಿನಲ್ಲಿ ಅರವತ್ತು ದಾಟಿದರೆ ಪಕ್ಕದವರ ಮಾತು ಕೇಳಿಸದು. ಇದಕ್ಕೆ ಮದ್ದು ಅಂತ ಅಂಗಡಿಯವರು ಕೊಡುವ ಸೆಟ್‌ನಲ್ಲಿ ಮೂರು ವಸ್ತು ಇರುತ್ತವೆ: ಅಲ್ಯೂಮಿನಿಯಂ ಫಾಯಿಲ್ ಹಾಕಿದ ಬ್ಯೂಟೈಲ್ (ಅಂಟುವ ರಬ್ಬರ್) ಶೀಟು, ಫೋಮು, ಕಾರ್ಪೆಟ್ಟು. ಶಬ್ದವನ್ನು ನಿಜಕ್ಕೂ ತಡೆಯುವ ನಾಲ್ಕನೆಯ ವಸ್ತುವೇ ಆ ಸೆಟ್‌ನಲ್ಲಿ ಇರುವುದಿಲ್ಲ.

ಮೊದಲು ಬ್ಯೂಟೈಲ್. 2 ಮಿ.ಮೀ. ಶೀಟು ಒಳ್ಳೆಯ ಮಾಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕೆಲಸ ತಗಡಿನ ನಡುಕ ನಿಲ್ಲಿಸುವುದು, ಶಬ್ದಕ್ಕೆ ಗೋಡೆ ಕಟ್ಟುವುದಲ್ಲ. ಡೋರಿನ ಹೊರತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, 'ಟಣ್' ಅನ್ನುತ್ತದೆ. ನಡುವೆ ಒಂದು ಅಂಗೈಯಗಲದ ತುಂಡು ಅಂಟಿಸಿ ಮತ್ತೆ ತಟ್ಟಿ, 'ಧಪ್' ಅನ್ನುತ್ತದೆ. ಪ್ರತಿ ಪ್ಯಾನೆಲ್‌ನ ನಡುಭಾಗದಲ್ಲಿ ನೂರಕ್ಕೆ 25ರಿಂದ 30ರಷ್ಟು ಜಾಗ ಮುಚ್ಚಿದರೆ ಬರಬೇಕಾದ ಲಾಭದಲ್ಲಿ ಹೆಚ್ಚಿನದು ಬಂದಾಯಿತು. ಸಿಂಗಲ್ ಕ್ಯಾಬ್‌ನ ನೆಲ, ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿಗೂ ನಡುವಿನ ತಗಡಿನ ಗೋಡೆ), ಹಿಂಗೋಡೆ, ರೂಫ್, ಎರಡು ಡೋರು ಸೇರಿ ಸುಮಾರು 5 ಚದರ ಮೀಟರ್. ಅಂದರೆ ಎರಡು ಚದರ ಮೀಟರಿನೊಳಗೆ ಕೆಲಸ ಮುಗಿಯುತ್ತದೆ. ಅಂಚಿನಿಂದ ಅಂಚಿಗೆ ಹೊದಿಸಿ ಅನ್ನುವವರು ಶೀಟು ಮಾರುವವರೇ.

ಬ್ಯೂಟೈಲ್ ಅಂತ ಹೇಳಿ ಡಾಂಬರು ಶೀಟು ಕೊಡುವುದೂ ಉಂಟು. ಅಂಚಿನಿಂದ ಒಂದು ಚಿಟಿಕೆ ಹಿಡಿದು ಎಳೆಯಿರಿ: ಬ್ಯೂಟೈಲ್ ಚೂಯಿಂಗ್ ಗಮ್ಮಿನಂತೆ ಎಳೆಎಳೆಯಾಗಿ ಬರುತ್ತದೆ, ಡಾಂಬರು ಪುಸಕ್ಕನೆ ಹರಿಯುತ್ತದೆ, ರಸ್ತೆ ಹಾಕುವಾಗಿನ ವಾಸನೆಯನ್ನೂ ಬಿಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಡಿಯ ರೂಫ್ ಕಾದು ಹಂಚಾಗುತ್ತದೆ. ಆ ಶಾಖಕ್ಕೆ ಡಾಂಬರು ಮೆತ್ತಗಾಗಿ ಜೋತು ಬೀಳುತ್ತದೆ. ಖರೀದಿಗೆ ಮುಂಚೆ ಒಂದು ತುಂಡು ಕೇಳಿ ತಂದು, ತಗಡಿಗೆ ತಲೆಕೆಳಗಾಗಿ ಅಂಟಿಸಿ, ಒಂದು ದಿನ ಬಿಸಿಲಿಗಿಡಿ.

ಸೆಟ್‌ನಲ್ಲಿ ಇಲ್ಲದ ಆ ವಸ್ತು ಮಾಸ್ ಲೋಡೆಡ್ ವಿನೈಲ್, ಅಂದರೆ ತೂಕ ತುಂಬಿದ ಪ್ಲಾಸ್ಟಿಕ್ ಹಾಳೆ. ಸುಮಾರು 3 ಮಿ.ಮೀ. ದಪ್ಪ, ಚದರ ಮೀಟರಿಗೆ 5 ಕೆ.ಜಿ. ತೂಕ. ಇದನ್ನು ಫೈರ್‌ವಾಲ್‌ಗೆ ಮತ್ತು ನೆಲಕ್ಕೆ ಮಾತ್ರ ಹಾಕಿದರೆ ಸಾಕು, ಎರಡೂವರೆ ಚದರ ಮೀಟರ್ ತಂದರೆ ಆಯಿತು. ಕೆಳಗೆ 6 ಮಿ.ಮೀ. ಕ್ಲೋಸ್ಡ್ ಸೆಲ್ (ನೀರು ಕುಡಿಯದ) ಫೋಮ್ ಇರಲೇಬೇಕು, ವಿನೈಲ್ ನೇರವಾಗಿ ತಗಡಿಗೆ ಅಂಟಿದರೆ ತಗಡಿನ ಜೊತೆ ಅದೂ ಕುಣಿಯುತ್ತದೆ. ಫೋಮ್ ಒಂದನ್ನೇ ಹಾಕಿದರೆ ಡೀಸೆಲ್ ಗುಡುಗಿಗೆ ಏನೂ ಆಗುವುದಿಲ್ಲ.

ಇಷ್ಟೆಲ್ಲ ಹಾಕಿಯೂ ಗೇರ್ ಲಿವರಿನ ಬುಡದ ರಬ್ಬರ್ ಮುಸುಕು (ಬೂಟ್) ಹರಿದಿದ್ದರೆ ದುಡ್ಡು ನೀರಿಗೆ ಹೋದಂತೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ, ಉಳಿದದ್ದು ಎಷ್ಟೇ ದಪ್ಪವಿದ್ದರೂ 20 ಡೆಸಿಬೆಲ್ ಮೇಲೆ ತಡೆಯಲಾಗದು. ಆದ್ದರಿಂದ ಮೊದಲ ಖರ್ಚು ಗೇರ್ ಬೂಟು, ಫೈರ್‌ವಾಲ್‌ನಲ್ಲಿ ವೈರು ಬರುವ ತೂತಿನ ರಬ್ಬರ್ ಬಳೆ (ಗ್ರೋಮೆಟ್ಟು), ಡೋರ್ ರಬ್ಬರು ಇವಕ್ಕೆ. ಎಷ್ಟೋ ಗಾಡಿಗಳಲ್ಲಿ ಅರ್ಧ ಗಲಾಟೆ ಇಲ್ಲೇ ನಿಲ್ಲುತ್ತದೆ.

ಕೂರಿಸುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೀಟು ತೆಗೆದು, ಮ್ಯಾಟ್ ಎತ್ತಿ. ಕಾಲಿಡುವ ಗುಳಿಗಳಲ್ಲಿ ತುಕ್ಕು ಇಲ್ಲದ ಹಳೆ ಪಿಕಪ್ ಅಪರೂಪ. ವೈರ್ ಬ್ರಶ್ ಹಾಕಿ, ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್ ಹೊಡೆದು ಪೂರ್ತಿ ಒಣಗಲು ಬಿಡಿ. ತುಕ್ಕಿನ ಮೇಲೆ ಶೀಟು ಅಂಟಿಸುವುದೆಂದರೆ ಹುಣ್ಣಿನ ಮೇಲೆ ಬಟ್ಟೆ ಕಟ್ಟಿದಂತೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಶೀಟು ಇಟ್ಟು, ರೋಲರ್ ಒತ್ತಿ. ಫಾಯಿಲ್ ಮೇಲಿನ ಉಬ್ಬುಚಿತ್ತಾರ ಮಾಯವಾಗುವವರೆಗೆ ಒತ್ತಬೇಕು, ಅದೇ ಸರಿಯಾಗಿ ಕೂತ ಗುರುತು. ಚಳಿಯ ದಿನವಾದರೆ ಹೀಟ್ ಗನ್ ಬೇಕಾದೀತು. ಫಾಯಿಲ್ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಗ್ಲೌಸ್ ಬಿಡಬೇಡಿ. ನೆಲದ ಡ್ರೈನ್ ಪ್ಲಗ್ಗಾಗಲಿ, ಡೋರಿನ ತಳದ ನೀರಿನ ಕಿಂಡಿಯಾಗಲಿ ಮುಚ್ಚಬಾರದು. ಕಿಟಕಿ ಗಾಜಿನ ಪಕ್ಕದಿಂದ ಮಳೆನೀರು ಡೋರಿನೊಳಗೆ ಇಳಿದೇ ಇಳಿಯುತ್ತದೆ, ಹೊರಗೆ ಹೋಗಲು ಅದಕ್ಕಿರುವುದು ಆ ಕಿಂಡಿ ಮಾತ್ರ.

ಹೆಚ್ಚಿನ ಫಿಟ್ಟರ್‌ಗಳು ಎಡವುವುದು ಸೀಟ್ ಬೋಲ್ಟ್ ಹತ್ತಿರ. ಸೀಟಿನ ಕಾಲು ಮತ್ತು ನೆಲದ ನಡುವೆ ಫೋಮ್ ಸಿಕ್ಕಿಸಿ ಬಿಗಿದರೆ, ಫೋಮ್ ಕುಗ್ಗಿದಂತೆ ಬೋಲ್ಟ್ ಸಡಿಲವಾಗುತ್ತದೆ. ಸೀಟಿನ ಕಾಲಿನಳತೆಗೆ ಫೋಮು, ವಿನೈಲು ಎರಡನ್ನೂ ಕತ್ತರಿಸಿ ತೆಗೆಯಿರಿ, ಲೋಹದ ಮೇಲೆ ಲೋಹವೇ ಕೂರಬೇಕು. ಸೀಟ್ ಬೆಲ್ಟ್ ಬೋಲ್ಟಿಗೂ ಇದೇ ನಿಯಮ.

ಇನ್ನು ಕಾರ್ಪೆಟ್. ರೋಲ್‌ನಿಂದ ಕತ್ತರಿಸಿ ಹಾಕುವುದಾದರೆ ನೀಡಲ್ ಪಂಚ್ (ನೇಯದೆ, ಸೂಜಿಯಿಂದ ಚುಚ್ಚಿ ಎಳೆ ಹೆಣೆದ) ಪಾಲಿಯೆಸ್ಟರ್ ತೆಗೆದುಕೊಳ್ಳಿ, ಕೆಳಗೆ ಸೆಣಬಿನ ಫೆಲ್ಟ್ ಬೇಡವೇ ಬೇಡ. ಒಮ್ಮೆ ನೀರು ಕುಡಿದರೆ ಅದು ವಾರಗಟ್ಟಲೆ ಒಣಗದು. ಒಂದು ಗಂಟೆ ಬಿಸಿಲಲ್ಲಿ ಹಾಸಿ ಮೆತ್ತಗೆ ಮಾಡಿ, ಗೇರ್ ಬಾಕ್ಸಿನ ಉಬ್ಬಿನಿಂದ ಶುರುಮಾಡಿ ಎರಡೂ ಕಡೆಗೆ ಇಳಿಸಿ. ಬೋಲ್ಟ್ ತೂತಿಗೆ ಡ್ರಿಲ್ ಹಿಡಿಯಬೇಡಿ. ಬಿಟ್ಟಿಗೆ ನೂಲು ಸುತ್ತಿಕೊಂಡು ಕ್ಷಣದಲ್ಲಿ ಇಡೀ ಕಾರ್ಪೆಟ್ ಕಿತ್ತುಬರುತ್ತದೆ. ಕಾಯಿಸಿದ ಕಂಬಿಯಿಂದ ಚುಚ್ಚಿದರೆ ತೂತಿನ ಅಂಚೂ ಕರಗಿ ಗಟ್ಟಿಯಾಗುತ್ತದೆ, ಆದರೆ ಅದನ್ನು ಗಾಡಿಯ ಹೊರಗೆ, ಗಮ್ ಹಚ್ಚುವ ಮುಂಚೆಯೇ ಮಾಡಿ ಮುಗಿಸಿ. ಫೆವಿಕಾಲ್ ಎಸ್‌ಆರ್ 998ನಂಥ ರಬ್ಬರ್ ಗಮ್ ಅಂಚುಗಳಿಗೆ ಮಾತ್ರ ಸಾಕು. ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ, ಡೋರು ತೆರೆದೇ ಇರಲಿ.

ಎಲ್ಲ ಪದರ ಸೇರಿ ನೆಲ ಒಂದೂವರೆ ಸೆಂಟಿಮೀಟರ್ ಏರಿರುತ್ತದೆ. ಇಂಜಿನ್ ಚಾಲೂ ಮಾಡುವ ಮೊದಲೇ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಕೊನೆಯವರೆಗೆ ತುಳಿದು ನೋಡಿ. ಆಕ್ಸಿಲರೇಟರ್ ಕೆಳಗೆ ಕಾರ್ಪೆಟ್ ಉಬ್ಬಿ ಪೆಡಲ್ ಸಿಕ್ಕಿಕೊಂಡರೆ ಆಗುವ ಅನಾಹುತ ವಿವರಿಸಬೇಕಿಲ್ಲ.

ಫಲ ಏನು? ಡೋರು ಹಾಕಿದರೆ ಭಾರಿ ಗಾಡಿಯ ಸದ್ದು, ರೂಫಿನ ಮೇಲಿನ ಮಳೆ ತಮಟೆಯಂತೆ ಬಡಿಯದು, ಮಾಮೂಲಿ ದನಿಯಲ್ಲಿ ಮಾತಾಡಬಹುದು. ಟೈರಿನ ಗುಂಯ್‌ಗುಡುವಿಕೆ ಮತ್ತು ಇಂಜಿನ್ನಿನ ಟಕಟಕ ತಗ್ಗುತ್ತವೆ, ಹೋಗುವುದಿಲ್ಲ. ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರುಗಾಲಲ್ಲೇ ಹತ್ತಿಳಿಯುವ ಗಾಡಿಯಾದರೆ ಕಾರ್ಪೆಟ್ ಬಿಟ್ಟುಬಿಡಿ, ವಿನೈಲ್ ಮೇಲೆ ಹಳೆ ರಬ್ಬರ್ ಮ್ಯಾಟನ್ನೇ ಹಾಸಿ. ಶಬ್ದದ ಲೆಕ್ಕದಲ್ಲಿ ಕಳೆದುಕೊಳ್ಳುವುದು ಅಷ್ಟಕ್ಕಷ್ಟೇ, ಪೈಪ್ ಹಿಡಿದು ತೊಳೆಯಲೂ ಬರುತ್ತದೆ.